ಚಾರ್ಜರ್ ಹಿಡಿಯೋ ಕೈ ನಡುಗುತ್ತೆ ಸ್ವಾಮಿ

ನಿಮ್ಮ ಫೋನ್ ಸತ್ತರೆ ಏನಾಗತ್ತೆ? ಆಟೊ ಬುಕ್ ಆಗಲ್ಲ, ಅಷ್ಟೇ. ಪಾರ್ಕಿನ್ಸನ್ಸ್ ಇರುವವರ ಎದೆಯೊಳಗಿನ ಬ್ಯಾಟರಿ ಸತ್ತರೆ ಕೆಲವೇ ನಿಮಿಷಗಳಲ್ಲಿ ಕೈನಡುಕ ವಾಪಸ್ ಬರಬಹುದು, ಆಮೇಲೆ ಮೈ ಬಿಗಿಯಬಹುದು. ಆಗ ಅದೇ ಕೈಯಲ್ಲಿ ಚಾರ್ಜರ್ ಹಿಡಿದು, ಕೊರಳೆಲುಬಿನ ಕೆಳಗೆ ಸರಿಯಾದ ಜಾಗ ಹುಡುಕಿ, ಅದು ಜರುಗದ ಹಾಗೆ ಕೂರಬೇಕು. ಚಾರ್ಜರ್ ಅತ್ಯಂತ ಜರೂರಾಗಿ ಬೇಕಾಗೋದು ಅದನ್ನು ಬಳಸೋಕೆ ಅತ್ಯಂತ ಕಷ್ಟವಾದ ಹೊತ್ತಿನಲ್ಲೇ.

ನಾನು ಹೇಳ್ತಿರೋದು ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಬಗ್ಗೆ. ಮೆದುಳೊಳಗೆ ಎಲೆಕ್ಟ್ರೋಡ್, ಚರ್ಮದಡಿ ವೈರು, ಎದೆಯಲ್ಲಿ ಪುಟ್ಟ ಪೆಟ್ಟಿಗೆ. ನಮ್ಮ ನಿಮ್ಹಾನ್ಸ್‌ನಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತೆ. ರೀಚಾರ್ಜ್ ಆಗದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಮತ್ತೆ ಎದೆ ಕೊಯ್ದು ಬದಲಿಸಬೇಕು. ರೀಚಾರ್ಜ್ ಆಗೋದು ಹದಿನೈದು ವರ್ಷದ ತನಕ ಬರಬಹುದು. ಹಾಗಾಗಿ ರೀಚಾರ್ಜೇ ಒಳ್ಳೇದು ಅಂತ ನಾವು, ಅಂದರೆ ದುಡ್ಡು ಕಟ್ಟುವ ಮಕ್ಕಳು, ತೀರ್ಮಾನ ಮಾಡಿಬಿಡ್ತೀವಿ. ಚಾರ್ಜ್ ಮಾಡೋರು ಮಾತ್ರ ಹಾಸನದಲ್ಲಿರೋ ಅಪ್ಪ.

ಇದು ಹೊಸ ರಗಳೆ ಏನಲ್ಲ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ ಹಾಕಿದ ಪೇಸ್‌ಮೇಕರ್, ಜಗತ್ತಿನಲ್ಲೇ ದೇಹದೊಳಗೆ ಕೂರಿಸಿದ ಮೊದಲನೆಯದು, ರೀಚಾರ್ಜ್ ಆಗುವಂಥದ್ದೇ. ಹೊರಗಿನಿಂದ ಕಾಯಿಲ್ ಇಟ್ಟು ಚಾರ್ಜ್ ಮಾಡಬೇಕಿತ್ತು. 1970ರ ದಶಕದಲ್ಲಿ ದೀರ್ಘಕಾಲ ಬಾಳುವ ಲಿಥಿಯಂ ಬ್ಯಾಟರಿ ಬಂದ ಮೇಲೆ ಹೃದಯದವರು ಆ ತಲೆನೋವಿನಿಂದ ಪಾರಾದರು. ಮೆದುಳಿನ ಸಾಧನಕ್ಕೆ ಕರೆಂಟು ಹೆಚ್ಚು ಬೇಕು, ಹಾಗಾಗಿ ಅವರು ಇನ್ನೂ ಅಲ್ಲೇ ಇದ್ದಾರೆ.

ಇಂಜಿನಿಯರ್ ಗೆಳೆಯರು ತಕ್ಷಣ ಶುರು ಮಾಡ್ತಾರೆ: ಚರ್ಮ ಬಿಸಿಯಾಗಬಾರದು, ಕಾಯಿಲ್ ಸ್ವಲ್ಪ ಜರುಗಿದರೂ ಶಕ್ತಿ ಸೋರಿಹೋಗತ್ತೆ, ಅನುಮೋದನೆಗೆ ವರ್ಷಗಟ್ಟಲೆ ಬೇಕು. ಒಪ್ಪಿದೆ ಮಾರಾಯ್ರೇ. ಬಿಸಿಯ ಮಿತಿ ನಿಜವಾದ ಮಿತಿ, ಗಡಿಬಿಡಿಯಲ್ಲಿ ಚಾರ್ಜ್ ಮಾಡೋಕಾಗಲ್ಲ. ಆದರೆ ಬಟನ್ ದೊಡ್ಡದು ಮಾಡಿದರೆ ಯಾರ ಚರ್ಮ ಸುಡತ್ತೆ? ಸರಿಯಾದ ಜಾಗ ಸಿಕ್ಕಾಗ ಬರೀ ಬೀಪ್ ಅನ್ನೋ ಬದಲು ‘ಸರಿಯಾಗಿದೆ, ಹಾಗೇ ಇರಿ’ ಅಂತ ಕನ್ನಡದಲ್ಲಿ ಹೇಳಿದರೆ ಯಾವ ಭೌತಶಾಸ್ತ್ರದ ನಿಯಮ ಮುರಿಯತ್ತೆ? ಲಿಫ್ಟೇ ಮಾತಾಡತ್ತೆ ಈ ಊರಲ್ಲಿ.

ಕೇಬಲ್ ಕಥೆಯೂ ಅಷ್ಟೇ. 2024ರ ಡಿಸೆಂಬರಿನಿಂದ ಯುರೋಪಿನಲ್ಲಿ ಹೊಸ ಫೋನು, ಇಯರ್‌ಬಡ್ಸ್‌ಗೆಲ್ಲ ಯುಎಸ್‌ಬಿ-ಸಿ ಕಡ್ಡಾಯ. ವೈದ್ಯಕೀಯ ಸಾಧನಗಳು ಆ ಪಟ್ಟಿಯಲ್ಲೇ ಇಲ್ಲ. ಹಾಡು ಕೇಳೋ ಕಿವಿಗೆ ಸಿಕ್ಕ ಮರ್ಯಾದೆ ನಡುಗೋ ಕೈಗೆ ಸಿಕ್ಕಿಲ್ಲ.

‘ಮನೆಯವರು ಮಾಡ್ಕೊಡ್ತಾರೆ ಬಿಡಿ’ ಅನ್ನೋ ವಾದ ಇದೆಯಲ್ಲ, ನನಗೆ ಮೈ ಉರಿಯೋದು ಅದಕ್ಕೆ. ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದೇ ಶರ್ಟಿನ ಗುಂಡಿ ತಾನೇ ಹಾಕಿಕೊಳ್ಳೋಕೆ, ಕಾಫಿ ಲೋಟ ತಾನೇ ಎತ್ತೋಕೆ. ಅದಕ್ಕೊಂದು ಚಾರ್ಜರ್ ಕೊಟ್ಟು ಮತ್ತೆ ಹೆಂಡತಿಯನ್ನೋ ಸೊಸೆಯನ್ನೋ ಕಾಯೋ ಹಾಗೆ ಮಾಡೋದು ಯಾವ ನ್ಯಾಯ?

ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆಯ ಮಾತು ನಡೀತಿದ್ದರೆ, ದುಡ್ಡು ಕಟ್ಟೋ ಮೊದಲು ಚಾರ್ಜರ್ ಮೇಜಿನ ಮೇಲೆ ಇಡಿಸಿ. ಸೇಲ್ಸ್‌ನವರು ತೋರಿಸೋದು ಬೇಡ, ನೀವೂ ಮುಟ್ಟಬೇಡಿ. ಅಪ್ಪನ ಕೈಗೆ ಕೊಟ್ಟು, ಎದೆ ಮೇಲೆ ಅವರೇ ಕಟ್ಟಿಕೊಳ್ಳಲಿ ಅಂತ ಸುಮ್ಮನೆ ಕೂತು ನೋಡಿ. ಆಗಲಿಲ್ಲ ಅಂದ್ರೆ ಬೇರೆ ಮಾದರಿ ಕೇಳಿ, ಯಾಕೆ ಬೇಡ ಅಂತ ಕಂಪನಿಗೆ ಬರೆದು ಕೊಡಿ.