ಪಾತರಗಿತ್ತಿಗೆ ಎಲೆಯೂ ಬೇಕು

ನಮ್ಮ ಪಾಠಶಾಲೆಯ ಅಂಗಳದಲ್ಲಿ ಚೆಂಡುಹೂ, ಸೇವಂತಿಗೆ, ದಾಸವಾಳಗಳ ತೋಟವೊಂದು ತಲೆಯೆತ್ತಿದೆ. ಆಲಮಟ್ಟಿಯ ಉದ್ಯಾನವನ್ನು ನೋಡಿ ಬಂದ ಮಕ್ಕಳು, ಇಲ್ಲಿಗೂ ಪಾತರಗಿತ್ತಿಗಳು ಬರಲೆಂದು ಹಂಬಲಿಸಿ ಸರದಿಯ ಮೇಲೆ ನೀರೆರೆದಿದ್ದಾರೆ. ಹಂಬಲವೇನೋ ಯೋಗ್ಯವಾದುದು, ಆದರೆ ಹೂವೊಂದರಿಂದಲೇ ಅದು ಕೈಗೂಡದೆಂಬುದು ನನ್ನ ಅಭಿಮತ.

ಹೂವು ಪಾತರಗಿತ್ತಿಗೆ ಮಧುಪಾನದ ಅರವಟಿಗೆ, ತೊಟ್ಟಿಲಲ್ಲ. ಅದು ತತ್ತಿಯಿಡುವುದು ಎಲೆಯ ಮೇಲೆ. ಅದೂ ಕಂಡ ಕಂಡ ಎಲೆಯ ಮೇಲಲ್ಲ. ಕಪ್ಪು ರೆಕ್ಕೆಗಳಲ್ಲಿ ಹಳದಿ ಮಚ್ಚೆಗಳನ್ನುಳ್ಳ ನಿಂಬೆಯ ಚಿಟ್ಟೆಯು ನಿಂಬೆ, ಕರಿಬೇವು, ಬಿಲ್ವಗಳನ್ನು ಅರಸಿ ಬರುತ್ತದೆ. ಇಂಡಿಯ ಸೀಮೆಯ ನಿಂಬೆಯ ತೋಟಿಗರು ಇದರ ಹುಳುವನ್ನು ಚೆನ್ನಾಗಿ ಬಲ್ಲರು. ಎಳೆಯದಿರುವಾಗ ಹಕ್ಕಿಯ ಹಿಕ್ಕೆಯಂತೆ ಕಂಡು ವೈರಿಗಳ ಕಣ್ಣು ತಪ್ಪಿಸುವ ಇದು, ಬಲಿತ ಮೇಲೆ ಎಲೆಯಂತೆಯೇ ಹಸುರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕೆಂಗಿತ್ತಳೆ ಬಣ್ಣದ ಕವಲುಗೋಡನ್ನು ಹೊರಚಾಚಿ ದುರ್ವಾಸನೆ ಬೀರುತ್ತದೆ. ಸಿಂದಗಿ, ಬಸವನ ಬಾಗೇವಾಡಿಗಳ ಬೀಳುನೆಲದಲ್ಲಿ ತಾನಾಗಿ ಬೆಳೆಯುವ ಎಕ್ಕೆಯನ್ನು ನಂಬಿದ ಕಿತ್ತಳೆ ಬಣ್ಣದ ಚಿಟ್ಟೆಯದು ಇನ್ನೊಂದು ಚಮತ್ಕಾರ. ಅದರ ಹುಳು ಎಕ್ಕೆಯ ವಿಷಾಂಶವನ್ನು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಸಾಮಾನ್ಯವಾಗಿ ಅದರ ಗೊಡವೆಗೆ ಹೋಗವು. ನಮ್ಮ ಹಳೆಯ ಕವಿಗಳು ಉಪವನ ವರ್ಣನೆಯಲ್ಲಿ ಮರಿದುಂಬಿಗೆ ಕೊಟ್ಟಷ್ಟು ಎಡೆಯನ್ನು ಇವುಗಳಿಗೆ ಕೊಡಲಿಲ್ಲವೆಂಬ ಕೊರಗು ನನಗುಂಟು.

ಕಳೆದ ಶ್ರಾವಣದಲ್ಲಿ ಅಂಗಳದ ಬಿಲ್ವವನ್ನು ಹುಳುಗಳು ಮೇಯ್ದವು. ಹುಳು ತಿಂದ ಪತ್ರೆ ಪೂಜೆಗೆ ಸಲ್ಲದೆಂದು ಔಷಧ ಸಿಂಪಡಿಸಲಾಯಿತು. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಾನು ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ ಪದ್ಯವನ್ನು ಹೇಳಿಕೊಡುತ್ತಿದ್ದೆನು. ಹುಡುಗನೊಬ್ಬ ಕಿಟಕಿಯಾಚೆ ನೋಡಿ, “ಗುರುಗಳೇ, ಅವು ಪಾತರಗಿತ್ತಿಯ ಮರಿಗಳಲ್ಲವೇ?” ಎಂದು ಕೇಳಿದನು. ವ್ಯಾಕರಣ, ಛಂದಸ್ಸುಗಳಲ್ಲಿ ತಲೆ ನರೆತ ನನಗೆ ಆಗ ಉತ್ತರ ಹೊಳೆಯಲಿಲ್ಲ. ಪದ್ಯವನ್ನು ಮುಂದುವರಿಸಿದೆನು.

ಎಳೆಯ ಸಸಿಗಳನ್ನು ಹುಳು ಬೋಳಾಗಿಸಿದರೆ ಬೆಳೆಗಾರನಿಗೆ ನಷ್ಟವೆಂಬುದನ್ನು ನಾನು ಅಲ್ಲಗಳೆಯೆನು. ಅವನ ಬದುಕು ಆ ಫಲದ ಮೇಲಿದೆ. ಪಾಠಶಾಲೆಯ ಬದುಕು ನಿಂಬೆಯ ಹಣ್ಣಿನ ಮೇಲಿಲ್ಲವಷ್ಟೆ. ಬಲಿತ ಮರ ಕೆಲವು ಎಲೆಗಳನ್ನು ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಆದುದರಿಂದ ಹಿತ್ತಿಲ ಹಳೆಯ ಬಿಲ್ವವೊಂದನ್ನು ಹುಳುಗಳಿಗೆಂದೇ ಬಿಡೋಣ. ಸಸಿಗಳ ಮೇಲೆ ಕಂಡವನ್ನು ಮಕ್ಕಳೇ ಮೆಲ್ಲನೆ ಎತ್ತಿ ಅಲ್ಲಿಗೆ ಸೇರಿಸಲಿ. ಪೂಜೆಗೆ ಅಖಂಡ ಪತ್ರೆಯನ್ನಾಯಲು ಮಿಕ್ಕ ಗಿಡಗಳಿವೆ. ಆವಾರದ ಗೋಡೆಯ ಬದಿಯ ಎಕ್ಕೆಯನ್ನು ಕಳೆಯೆಂದು ಈ ಮುಂಗಾರಿನಲ್ಲಿ ಕೀಳದಿರುವಂತೆ ಮಾಲಿಗೆ ಈಗಲೇ ತಿಳಿಸತಕ್ಕದ್ದು.