ಗಲ್ಲಾಪೆಟ್ಟಿಗೆಯು ಪ್ರಮಾಣವೇ?

ಪದಾರ್ಥದ ನಿಜವನ್ನು ತಿಳಿಯುವದಕ್ಕೆ ನಮ್ಮ ಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾದ ಪ್ರಮಾಣಗಳನ್ನು ಹೇಳಿರುವರು. ಅವು ಮೂರೋ, ನಾಲ್ಕೋ, ಆರೋ ಎಂಬ ವಿಷಯದಲ್ಲಿ ದರ್ಶನಕಾರರೊಳಗೆ ಶತಮಾನಗಳವರೆಗೆ ವಾದ ನಡೆಯಿತು. ಆದರೆ ಆ ಮಹನೀಯರಾರಿಗೂ ಹೊಳೆಯದ ಹೊಸದೊಂದು ಪ್ರಮಾಣವು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಅದಾವದೆಂದರೆ ಚಿತ್ರಮಂದಿರದ ಗಲ್ಲಾಪೆಟ್ಟಿಗೆ. ಚಲಚ್ಚಿತ್ರವೊಂದು ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ, ಅದು ಇಷ್ಟು ಕೋಟಿ ರೂಪಾಯಿ ಗಳಿಸಿತೆಂಬ ಉತ್ತರವು ಬರುವದು. ಈ ಉತ್ತರವು ವ್ಯಾಪಾರಸ್ಥರ ಬಾಯಿಂದ ಮಾತ್ರ ಬರುತ್ತಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಓದುಬರಹ ಬಲ್ಲ ಮನೆತನಗಳಲ್ಲಿಯೇ ಇದು ರೂಢಿಯಾಗುತ್ತಲಿರುವದರಿಂದ ನಾಲ್ಕು ಮಾತು ಬರೆಯುವದು ಅವಶ್ಯವೆನಿಸಿತು.

ಕೆಲವು ತಿಂಗಳುಗಳ ಹಿಂದೆ ಸೇಡಮ್ಮಿನಿಂದ ವಾಡಿಗೆ ರೈಲುಗಾಡಿಯಲ್ಲಿ ಹೊರಟಿದ್ದೆನು. ಎದುರಿಗೆ ಇಬ್ಬರು ತರುಣರು ಕುಳಿತಿದ್ದರು. ಅವರಲ್ಲೊಬ್ಬನು ನನ್ನ ಹಳೆಯ ವಿದ್ಯಾರ್ಥಿ. ಈಗ ಸಿಮೆಂಟಿನ ಕಾರಖಾನೆಯೊಂದರಲ್ಲಿ ನೌಕರಿಯಲ್ಲಿರುವನು. ಮಳಖೇಡದಿಂದ ಚಿತ್ತಾಪುರದ ವರೆಗೆ ಇಬ್ಬರೂ ಎರಡು ಚಿತ್ರಗಳನ್ನು ಕುರಿತು ಬಿರುಸಿನಿಂದ ವಾದಿಸಿದರು. ಮೊದಲ ದಿನದ ಗಳಿಕೆಯೆಷ್ಟು, ಮೂರನೆಯ ದಿನದ್ದೆಷ್ಟು, ಪರದೇಶದ್ದೆಷ್ಟು ಎಂಬದೆಲ್ಲವೂ ಅವರಿಗೆ ಬಾಯಿಪಾಠ. ಕಥೆಯ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ. ನಾನು ತಡೆಯಲಾರದೆ, "ಆ ಚಿತ್ರದ ಕಥೆಯೇನಪ್ಪಾ?" ಎಂದು ಕೇಳಿದೆನು. ಅವನು ನಕ್ಕು, "ಕಥಿ ಏನ್ ಕೇಳ್ತೀರಿ ಮಾಸ್ತರ್ರೀ, ಸಾವಿರ ಕೋಟಿ ಮಾಡ್ಯಾದ!" ಎಂದನು. ಆ ಸಾವಿರ ಕೋಟಿಯಲ್ಲಿ ಒಂದು ಬಿಡಿಕಾಸಾದರೂ ಅವನ ಮನೆಗೆ ಬರತಕ್ಕದ್ದಲ್ಲ. ಆದರೂ ಅವನ ಮುಖದಲ್ಲಿ ಸ್ವಂತ ಹೊಲದಲ್ಲಿ ತೊಗರಿ ಬೆಳೆದ ಒಕ್ಕಲಿಗನ ಅಭಿಮಾನವಿತ್ತು.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳುಂಟು. ಹೆಚ್ಚು ಹಣ ತಂದ ಚಿತ್ರವೇ ಜನರು ಮೆಚ್ಚಿದ ಚಿತ್ರ, ಜನರು ಮೆಚ್ಚಿದ್ದೇ ಶ್ರೇಷ್ಠವೆಂಬದು ಒಂದು ಪಕ್ಷ. ಜನಸಾಮಾನ್ಯರ ಅಭಿರುಚಿಯು ಕೆಟ್ಟುಹೋಗಿರುವದರಿಂದ ಅವರು ಮೆಚ್ಚಿದ್ದೆಲ್ಲವೂ ಕೀಳೆಂಬದು ಎರಡನೆಯ ಪಕ್ಷ. ಮೊದಲನೆಯದು ಸಂತೆಯ ಮತವಾದರೆ, ಎರಡನೆಯದು ನಮ್ಮಂಥ ಪಂಡಿತಮ್ಮನ್ಯರ ಮತ. ಎರಡೂ ನಿರಾಧಾರವಾದವುಗಳೆಂದು ತೋರಿಸುವದೇ ಪ್ರಸ್ತುತ ಲೇಖನದ ಉದ್ದೇಶವು.

ಮೊದಲು ನಮ್ಮ ಮನೆಯ ಕಸವನ್ನೇ ಗುಡಿಸೋಣ. ಜನರ ಅಭಿರುಚಿಯು ಕೀಳೆಂದು ಹೇಳುವವರು ಯಾವ ನೆಲದ ಮೇಲೆ ನಿಂತು ಹಾಗೆನ್ನುವರೆಂಬದನ್ನು ಯೋಚಿಸಲಿ. ಸೇಡಮ್ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು 'ಕವಿರಾಜಮಾರ್ಗ'ವನ್ನು ರಚಿಸುವಾಗ, ಕನ್ನಡನಾಡಿನ ಜನರು ಶಾಸ್ತ್ರಾಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಸಾರಿ ಹೇಳಿದನು. ಕಾಗಿಣಾ ನದಿಯ ದಂಡೆಯ ಮೇಲೆ ಹುಟ್ಟಿದ ಆ ಮಾತನ್ನು ಶಾಲೆಯಲ್ಲಿ ಮಕ್ಕಳಿಗೆ ಅಭಿಮಾನದಿಂದ ಪಾಠ ಹೇಳಿ, ಸಾಯಂಕಾಲ ಅದೇ ಮಕ್ಕಳ ತಾಯಿತಂದೆಗಳನ್ನು ರುಚಿಗೇಡಿಗಳೆಂದು ಹಳಿಯುವದು ಯಾವ ನ್ಯಾಯ?

ಇತ್ತೀಚಿನ ದೃಷ್ಟಾಂತಗಳನ್ನೇ ನೋಡೋಣ. ೧೯೫೪ರ 'ಬೇಡರ ಕಣ್ಣಪ್ಪ'ವು ಶಿವಭಕ್ತನ ಕಥೆ. ೧೯೭೨ರ 'ಬಂಗಾರದ ಮನುಷ್ಯ'ವು ಟಿ. ಕೆ. ರಾಮರಾಯರ ಕಾದಂಬರಿಯಿಂದ ಬಂದದ್ದು. ಅದೇ ವರ್ಷದ 'ನಾಗರಹಾವು' ತ. ರಾ. ಸುಬ್ಬರಾಯರ ಕಾದಂಬರಿಗಳಿಂದ, ೧೯೭೪ರ 'ಭೂತಯ್ಯನ ಮಗ ಅಯ್ಯು' ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ. ಇವುಗಳನ್ನು ಜನರು ತಲೆಯ ಮೇಲೆ ಹೊತ್ತು ಮೆರೆಸಿದರು. ೨೦೨೨ರ 'ಕಾಂತಾರ'ವು ಕರಾವಳಿಯ ದೈವಾರಾಧನೆಯನ್ನೂ ಕುಂದಾಪುರದ ಕಡೆಯ ನುಡಿಯನ್ನೂ ಹಿಡಿದು ಹೊರಟ ಚಿತ್ರ. ಕೋಲವೆಂದರೇನೆಂಬದನ್ನು ಚಿಂಚೋಳಿಯ ಸೀಮೆಯಲ್ಲಿ ಕಣ್ಣಾರೆ ಕಂಡವರು ಎಷ್ಟು ಜನರು? ಆದರೂ ನಮ್ಮವರು ಅದನ್ನು ಮನೆಮಂದಿಯೊಡನೆ ಹೋಗಿ ನೋಡಿದರು. ಆದುದರಿಂದ ಜನರು ಮೆಚ್ಚಿದ್ದೆಲ್ಲ ಕೀಳೆಂಬ ಮಾತಿಗೆ ಪ್ರತ್ಯಕ್ಷವೇ ಬಾಧಕವಾಗಿದೆ.

ಇನ್ನು ಸಂತೆಯ ಮತವನ್ನು ಪರೀಕ್ಷಿಸೋಣ. ಗಲ್ಲಾಪೆಟ್ಟಿಗೆಯು ಎಣಿಸುವದು ಏನನ್ನು? ಹಣವನ್ನು, ಜನರನ್ನಲ್ಲ. ನೂರು ಜನರು ತಲೆಗೆ ೫೦ ರೂಪಾಯಿ ಕೊಟ್ಟು ನೋಡಿದರೆ ೫೦೦೦ ರೂಪಾಯಿ. ಹತ್ತು ಜನರು ತಲೆಗೆ ೫೦೦ ಕೊಟ್ಟು ನೋಡಿದರೂ ೫೦೦೦ ರೂಪಾಯಿಯೇ. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಭೇದವಿಲ್ಲ. ಹೀಗಿರಲು ಹಣದ ಮೊತ್ತದಿಂದ ಜನರ ಮೊತ್ತವನ್ನು ಅನುಮಾನಿಸುವದು ಹೊಗೆಯಿಲ್ಲದಲ್ಲಿ ಬೆಂಕಿಯನ್ನು ಊಹಿಸಿದಂತಾಗುವದು.

ಎರಡನೆಯದಾಗಿ, ಹಣವು ಸಲ್ಲುವದು ಚಿತ್ರವನ್ನು ನೋಡುವದಕ್ಕೆ ಮುಂಚೆ. ರಸವು ಹುಟ್ಟುವದಾದರೆ ಆಮೇಲೆ ಹುಟ್ಟಬೇಕು. ಕಣ್ಣೀರಿಟ್ಟು ಹೊರಬಂದವನೂ ಬೇಸರದಿಂದ ನಡುವೆಯೇ ಎದ್ದುಬಂದವನೂ ಕೊಟ್ಟ ಬೆಲೆಯೊಂದೇ. ಮೊದಲ ಮೂರು ದಿನಗಳ ಗಳಿಕೆಯು ಜಾಹೀರಾತಿನ ಬಲಕ್ಕೂ ನಾಯಕನಟನ ಹೆಸರಿಗೂ ಸಾಕ್ಷಿಯಾದೀತೇ ಹೊರತು ಚಿತ್ರದ ಗುಣಕ್ಕೆ ಹೇಗೆ ಸಾಕ್ಷಿಯಾದೀತು? ನಮ್ಮ ಬಾಲ್ಯದಲ್ಲಿ ಯಶಸ್ಸನ್ನು ದಿನಗಳಿಂದ ಅಳೆಯುತ್ತಿದ್ದರು: ನೂರು ದಿನ, ಇಪ್ಪತ್ತೈದು ವಾರ. 'ಬಂಗಾರದ ಮನುಷ್ಯ'ವು ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆಯಿತು. ೨೦೦೬ರ ಕೊನೆಗೆ ಬಂದ 'ಮುಂಗಾರು ಮಳೆ'ಯೂ ಬೆಂಗಳೂರಿನಲ್ಲಿ ವರ್ಷಕ್ಕೆ ಮೇಲ್ಪಟ್ಟು ಓಡಿತು. ಆ ಅಳತೆಯಲ್ಲಿ ಎಷ್ಟೇ ದೋಷಗಳಿದ್ದರೂ ಒಂದು ಗುಣವಿತ್ತು. ನೋಡಿದವನು ನೆರೆಯವನಿಗೆ ಹೇಳಿ ಕಳಿಸದೆ ಚಿತ್ರವು ನೂರನೆಯ ದಿನವನ್ನು ಕಾಣುವದು ಕಷ್ಟವಾಗಿತ್ತು. ಇಂದು ಸಾವಿರಾರು ತೆರೆಗಳ ಮೇಲೆ ಒಂದೇ ದಿನ ಬಿಡುಗಡೆ ಮಾಡಿ, ನೆರೆಯವನು ಬಾಯಿ ತೆರೆಯುವದರೊಳಗೆ ಹಣವನ್ನು ಬಾಚಿಕೊಳ್ಳುವ ಉಪಾಯವು ಬೆಳೆದಿದೆ.

ಮೂರನೆಯದಾಗಿ, ಆ ಸಂಖ್ಯೆಯು ಯಾರದು? ೨೦೨೨ರ ಏಪ್ರಿಲ್ ತಿಂಗಳಲ್ಲಿ 'ಕೆ.ಜಿ.ಎಫ್'ನ ಎರಡನೆಯ ಭಾಗವು ಕನ್ನಡವಲ್ಲದೆ ಹಿಂದಿ, ತೆಲುಗು, ತಮಿಳು, ಮಲೆಯಾಳ ಭಾಷೆಗಳಲ್ಲಿಯೂ ಬಿಡುಗಡೆಯಾಗಿ ಸಾವಿರ ಕೋಟಿಗೆ ಮೀರಿ ಗಳಿಸಿತೆಂದು ಪತ್ರಿಕೆಗಳು ಬರೆದವು. ಅದರಲ್ಲಿ ಬಹುಭಾಗವು ಅನ್ಯಭಾಷಿಕರ ಹಣ. ಕನ್ನಡಿಗರ ಚಿತ್ರವು ಹೊರನಾಡುಗಳಲ್ಲಿ ಸಂಚರಿಸಿದ್ದು ಸಂತೋಷದ ಸಂಗತಿಯೇ ಸರಿ. ಆದರೆ ಆ ಸಂಖ್ಯೆಯನ್ನು ಕನ್ನಡಿಗರ ಅಭಿರುಚಿಯ ಕೈಗನ್ನಡಿಯೆಂದು ಹಿಡಿಯುವವರು, ಊರ ಜನರ ಹಸಿವೆಯನ್ನು ಪರವೂರಿನ ಛತ್ರದ ಎಲೆಗಳಿಂದ ಎಣಿಸಿದಂತಾಗುವದು.

ಇಲ್ಲಿ ಸಂತೆಯ ಮತದವರು ತಮ್ಮ ಕೊನೆಯ ಬಾಣವನ್ನು ಬಿಡುವರು: ಗಲ್ಲಾಪೆಟ್ಟಿಗೆಯು ಜನರ ಮತಪೆಟ್ಟಿಗೆ, ಪ್ರಜಾಪ್ರಭುತ್ವದಲ್ಲಿ ಅದನ್ನು ಧಿಕ್ಕರಿಸುವದು ಹೇಗೆ, ಎಂದು. ಈ ಮಾತು ಕೇಳಲು ಇಂಪು; ಒಳಗೆ ಟೊಳ್ಳು. ಮತದಾನದಲ್ಲಿ ಶಹಾಬಾದದ ಕಲ್ಲುಗಣಿಯ ಕೂಲಿಗೂ ಕಾರಖಾನೆಯ ಮಾಲಿಕನಿಗೂ ಒಂದೊಂದೇ ಮತ. ಗಲ್ಲಾಪೆಟ್ಟಿಗೆಯಲ್ಲಿ ಹತ್ತು ಸಲ ನೋಡುವ ಉಳ್ಳವನಿಗೆ ಹತ್ತು ಮತ. ಬೆಲೆ ತೆರಲಾರದವನಿಗೆ ಒಂದೂ ಇಲ್ಲ. ರಾಜ್ಯ ಸರಕಾರವು ೨೦೨೫ರ ಸೆಪ್ಟೆಂಬರ ೧೨ರಂದು ಚಿತ್ರಮಂದಿರಗಳ ಪ್ರವೇಶದರವು ತೆರಿಗೆಯನ್ನು ಬಿಟ್ಟು ೨೦೦ ರೂಪಾಯಿ ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳ ೨೩ರಂದು ಉಚ್ಚ ನ್ಯಾಯಾಲಯವು ಅದಕ್ಕೆ ಮಧ್ಯಂತರ ತಡೆಯನ್ನು ಕೊಟ್ಟಿತು. ಕಾನೂನಿನ ವಾದವು ನ್ಯಾಯಾಸ್ಥಾನಕ್ಕೆ ಸೇರಿದ್ದು. ನಾನು ಹೇಳುವದಿಷ್ಟೇ: ಆ ಮಿತಿಯ ದರದಲ್ಲಿಯಾದರೂ ಐದು ಜನರ ಕುಟುಂಬಕ್ಕೆ ಒಂದು ಸಂಜೆಗೆ ಸಾವಿರ ರೂಪಾಯಿ ಬೇಕು. ಕಲ್ಲು ಒಡೆಯುವವನ ಮನೆಯಲ್ಲಿ ಅದು ವಾರದ ಸಂತೆಯ ಹಣ. ಅವನನ್ನು ಹೊರಗೆ ನಿಲ್ಲಿಸಿ ಒಳಗಿನವರನ್ನು ಎಣಿಸಿ, ಜನರು ತೀರ್ಪು ಕೊಟ್ಟರೆಂದು ಡಂಗುರ ಸಾರುವದು ಸತ್ಯಕ್ಕೆ ಮಾಡುವ ಅಪಚಾರ.

ಹಾಗಾದರೆ ತುಂಬಿದ ರಂಗಕ್ಕೆ ಬೆಲೆಯೇ ಇಲ್ಲವೇ? ಉಂಟು. ಭರತಮುನಿಯು 'ನಾಟ್ಯಶಾಸ್ತ್ರ'ದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತು ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಸಿದ್ಧಿಯು ಎರಡು ವಿಧ: ಮಾನುಷಿ, ದೈವಿಕಿ. ಪ್ರೇಕ್ಷಕರು ನಗುವದು, ಭಲೆಯೆನ್ನುವದು, ರೋಮಾಂಚನಗೊಂಡು ಎದ್ದುನಿಲ್ಲುವದು, ಉತ್ತರೀಯವನ್ನೂ ಉಂಗುರವನ್ನೂ ರಂಗದತ್ತ ಎಸೆಯುವದು, ಇವೆಲ್ಲ ಮಾನುಷಿ ಸಿದ್ಧಿಯ ಕುರುಹುಗಳು. ಇಂದಿನ ಸಿಳ್ಳು, ಚಪ್ಪಾಳೆ, ತೆರೆಯತ್ತ ತೂರುವ ಕಾಗದದ ಚೂರುಗಳು ಇವುಗಳ ಮರಿಮಕ್ಕಳೆಂದೇ ತಿಳಿಯಬಹುದು. ಮುನಿಯು ಇವುಗಳನ್ನು ತುಚ್ಛೀಕರಿಸಲಿಲ್ಲ. ಆದರೆ ರಂಗವು ಪೂರ್ಣವಾಗಿ ತುಂಬಿದ್ದು, ಅಲ್ಲಿ ಸದ್ದೂ ಇಲ್ಲದೆ ಕ್ಷೋಭೆಯೂ ಇಲ್ಲದೆ ಇರುವದೇ ದೈವಿಕ ಸಿದ್ಧಿಯೆಂದು ಅವನು ಹೇಳಿದನು. ತುಂಬಿದ ರಂಗ, ತುಂಬಿದ ಮೌನ: ಎರಡೂ ಕೂಡಿರಬೇಕು. ಗಲ್ಲಾಪೆಟ್ಟಿಗೆಯು ಮೊದಲನೆಯದನ್ನಾದರೂ ಅಷ್ಟಿಷ್ಟು ಎಣಿಸೀತು. ಎರಡನೆಯದನ್ನು ಎಣಿಸುವ ಯಂತ್ರವು ಅದರಲ್ಲಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಪಾಠಶಾಲೆಯಲ್ಲಿ ಕಾಳಿದಾಸನನ್ನೂ ಭವಭೂತಿಯನ್ನೂ ಓದಿ ಬಂದ ನಾನು ಮೂವತ್ತು ವರ್ಷಗಳ ವರೆಗೆ ಎರಡನೆಯ ಪಕ್ಷದವನೇ ಆಗಿದ್ದೆನು. ಕನ್ನಡ ಚಿತ್ರಗಳಲ್ಲಿ ೧೯೭೦ರ 'ಸಂಸ್ಕಾರ', ೧೯೭೫ರ 'ಚೋಮನ ದುಡಿ', ೧೯೭೭ರ 'ಘಟಶ್ರಾದ್ಧ', ೧೯೮೬ರ 'ತಬರನ ಕಥೆ' ಇವು ದೇಶದಲ್ಲಿಯೇ ಅತ್ಯುತ್ತಮವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದಾಗ, ಇಂಥವು ನಮ್ಮ ಜನಕ್ಕೆ ತಿಳಿಯತಕ್ಕವಲ್ಲವೆಂದು ನಾನೇ ತರಗತಿಯಲ್ಲಿ ಹೇಳಿದ್ದುಂಟು. ನನ್ನ ಸೇವಾಕಾಲದಲ್ಲಿ ಅವುಗಳಲ್ಲೊಂದಾದರೂ ನಾನಿದ್ದ ಊರಿನ ಟಾಕೀಜಿಗೆ ಬಂದದ್ದನ್ನು ನಾನು ಕಾಣಲಿಲ್ಲ. ಬಡಿಸದ ಅಡಿಗೆಯನ್ನು ಉಣ್ಣಲಿಲ್ಲವೆಂದು ಹಸಿದವರನ್ನು ಬೈಯುತ್ತಿದ್ದೆನು.

ನಿವೃತ್ತನಾದ ಮೇಲೆ ಒಂದು ವರ್ಷ, ಹಳ್ಳಿಯ ಶಾಲೆಯೊಂದರ ಅಂಗಳದಲ್ಲಿ ಬಿಳಿಯ ಬಟ್ಟೆ ಕಟ್ಟಿ 'ಚೋಮನ ದುಡಿ'ಯನ್ನು ತೋರಿಸುವ ಏರ್ಪಾಡಾಯಿತು. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ತೆರೆಗೆ ತಂದ ಚಿತ್ರವದು. ಕರೆಯೋಲೆಯನ್ನು ನಾನು ಊರಿನ ಓದಿದವರಿಗೆ ಮಾತ್ರ ಕೊಟ್ಟಿದ್ದೆನು. ಅವರಲ್ಲಿ ಬಂದವರು ಏಳೆಂಟು ಜನ, ಕೊನೆಯ ವರೆಗೆ ಕುಳಿತವರು ಮೂವರು. ಕರೆಯದೆಯೇ ಬಂದು ಗೋಡೆಯ ಮಗ್ಗುಲಿಗೆ ನೆಲದ ಮೇಲೆ ಕುಳಿತವರು ಕೂಲಿಯವರು, ನೂರಕ್ಕೆ ಕಡಿಮೆಯಿರಲಿಲ್ಲ. ಸ್ವಂತ ತುಂಡು ಭೂಮಿಯನ್ನು ಉಳಬೇಕೆಂಬ ಆಸೆಯು ಈಡೇರದೆ ಚೋಮನು ದುಡಿಯನ್ನು ಬಾರಿಸುತ್ತ ಕೊನೆಗಾಣುವಾಗ ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ದೀಪ ಹಚ್ಚಿದ ಮೇಲೆ ಮುದುಕಿಯೊಬ್ಬಳು ನನ್ನ ಬಳಿಗೆ ಬಂದು, "ಮಾಸ್ತರ್ರೀ, ನಮ್ಮಪ್ಪನೂ ಹಿಂಗೇ ಹೊಲಾ ಹೊಲಾ ಅಂತ ಸತ್ತಾನ್ರೀ. ಇದು ಯಾರ್ ಹೇಳಿದ್ರು ಇವರಿಗಿ?" ಎಂದು ಕೇಳಿದಳು. ನಾನು ಉತ್ತರ ಕೊಡಲಾರದೆ ತಲೆ ತಗ್ಗಿಸಿದೆನು. ಪುಸ್ತಕದಲ್ಲಿ ಓದಿದ್ದ ದೈವಿಕ ಸಿದ್ಧಿಯನ್ನು ಅಂದೇ ನಾನು ಕಂಡದ್ದು. ಅಂದಿನ ಗಲ್ಲಾಪೆಟ್ಟಿಗೆಯಲ್ಲಿ ಸೊನ್ನೆ.

ನಮ್ಮದು ಗಡಿಯ ಸೀಮೆ. ೧೯೪೮ರ ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ೧೯೫೬ರಲ್ಲಿ ಕನ್ನಡನಾಡನ್ನು ಕೂಡಿಕೊಂಡ ನಾವು ಉರ್ದು, ತೆಲುಗು, ಮರಾಠಿಗಳ ನಡುವೆ ಬಾಳಿದವರು. ಸೇಡಮ್, ಚಿಂಚೋಳಿಗಳ ತರುಣರು ತಾಂಡೂರಿನ ಕಡೆಗೆ ಹೋಗಿ ತೆಲುಗು ಚಿತ್ರ ನೋಡಿದರೆ ನನಗೆ ಮುನಿಸಿಲ್ಲ. ಯಾವ ಭಾಷೆಯ ರಸವೂ ಅನ್ಯವಲ್ಲ. ಆದರೆ ತಮ್ಮ ಬಾಳು ತೆರೆಯ ಮೇಲೆ ತಮ್ಮ ನುಡಿಯಲ್ಲಿ ಮಾತಾಡುವದನ್ನು ಒಮ್ಮೆಯೂ ಕೇಳದೆ ಅವರು ಮುದುಕರಾಗುವದು ನನಗೆ ಸಮ್ಮತವಲ್ಲ. ತೊಗರಿಯ ಹೊಲದ, ಹಾಸುಗಲ್ಲಿನ ಗಣಿಯ, ಸಿಮೆಂಟಿನ ಧೂಳಿನ ಕಥೆಯನ್ನು ಹಣ ಹೂಡುವವನು ಏಕೆ ತೆಗೆದಾನು, ಕೋಟಿಗಳನ್ನೇ ಪ್ರಮಾಣವೆಂದು ನಾವೇ ಒಪ್ಪಿಕೊಟ್ಟ ಮೇಲೆ?

ಆದುದರಿಂದ ಸುಶಿಕ್ಷಿತ ಮನೆತನಗಳಲ್ಲಿ ನನ್ನ ಬಿನ್ನಹವು ಎರಡು. ಚಿತ್ರ ನೋಡಿ ಬಂದ ಮಕ್ಕಳಿಗೆ ಅದೆಷ್ಟು ಗಳಿಸಿತೆಂದು ಕೇಳಬೇಡಿರಿ; ಅದರಲ್ಲಿ ಯಾರಿಗೆ ಏನಾಯಿತು, ಅದು ನಿನಗೆ ಸರಿಯೆನಿಸಿತೇ ಎಂದು ಕೇಳಿರಿ. ಎರಡನೆಯದು, ನಮ್ಮ ಸಂಘವೂ ಶಾಲೆಗಳೂ ಗ್ರಂಥಾಲಯಗಳೂ ಕೂಡಿ ತಿಂಗಳಿಗೊಮ್ಮೆಯಾದರೂ ಒಳ್ಳೆಯ ಕನ್ನಡ ಚಿತ್ರವೊಂದನ್ನು, ಹಕ್ಕುದಾರರ ಅನುಮತಿಯನ್ನು ಪಡೆದು, ಬೆಲೆಯಿಲ್ಲದೆ ಎಲ್ಲರಿಗೂ ತೋರಿಸಲಿ. ಕರೆಯೋಲೆಯು ಮೊದಲು ಗಣಿಯ ಕೇರಿಗೆ ಹೋಗಲಿ. ನಮ್ಮ ಮನೆಗಳಿಗೆ ಕೊನೆಗೆ ಬರಲಿ. ಚಿತ್ರವು ಮುಗಿದ ಮೇಲೆ ಮೊದಲು ಅವರು ಮಾತಾಡಲಿ, ನಾವು ಕೇಳೋಣ.

ಅವರು ಮೆಚ್ಚದಿದ್ದರೆ ಮೆಚ್ಚಲಿಲ್ಲವೆಂದು ಬರೆದುಕೊಳ್ಳೋಣ. ಆದರೆ ಬಡಿಸಿ ನೋಡುವದಕ್ಕೆ ಮುಂಚೆ ಅವರ ನಾಲಿಗೆಯನ್ನು ಹಳಿಯುವ ಅಧಿಕಾರವು ನಮಗಿಲ್ಲ. ಅವರ ಹೆಸರಿನಲ್ಲಿ ಹಣವನ್ನೆಣಿಸಿ ತೀರ್ಪು ಹೇಳುವ ಅಧಿಕಾರವು ಗಲ್ಲಾಪೆಟ್ಟಿಗೆಗೂ ಇಲ್ಲ.