ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ನರಗುಂದ, ರೋಣ, ಗಜೇಂದ್ರಗಡದ ರಸ್ತೆಯಲ್ಲೆಲ್ಲೋ ಕಾರು ಗೇರ್ ಬೀಳದೆ ನಿಂತಿತೆನ್ನಿ. ಪರಿಚಯದ ಮಿಸ್ತ್ರಿ ಪಾನಾ ಹಿಡಿದು ಬರುತ್ತಾನೆ. ಅವನ ಕೈಗುಣ ಒಳ್ಳೆಯದೇ ಇರಬಹುದು. ಆದರೆ ವಿಸ್ತರಿತ ವಾರಂಟಿ ಇರುವ ಕಾರಿನ ಗೇರ್‌ಬಾಕ್ಸ್ ಹೊರಗೆ ಬಿಚ್ಚಿಸಿದರೆ, ಹಣ ಕೊಡಬೇಕಾದವರು ಜಾರಿಕೊಳ್ಳಲು ಅಷ್ಟೇ ಸಾಕು. ಎಳೆಸಿಕೊಂಡಾದರೂ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಒಯ್ಯಬೇಕು.

ಅಲ್ಲಿ ಕೇಳಿಬರುವ ಮೊದಲ ಮಾತು, ‘ಇದು ಸವಕಳಿ, ವಾರಂಟಿಗೆ ಬರುವುದಿಲ್ಲ.’ ಕ್ಲಚ್ ಪ್ಲೇಟಿನ ಮಟ್ಟಿಗೆ ಅದು ಬಹುಪಾಲು ನಿಜ. ಒಳಗಿನ ಗೇರು, ಬೇರಿಂಗುಗಳ ಲೆಕ್ಕ ಬೇರೆ. ಹೆಚ್ಚಿನ ಕರಾರುಗಳಲ್ಲಿ ಅವು ಸೇರಿರುತ್ತವೆ. ಯಾವ ಭಾಗ ಏಕೆ ಕೆಟ್ಟಿತು, ಯಾವ ಷರತ್ತಿನಂತೆ ನಿರಾಕರಣೆ ಎಂಬುದನ್ನು ಬರಹದಲ್ಲೇ ಕೇಳಬೇಕು. ಬಾಯಿಮಾತಿನ ‘ಇಲ್ಲ’ ನಾಳೆ ಸಾಕ್ಷಿಯಾಗದು.

ಕಾರು ಕೊಂಡದ್ದು ಹುಬ್ಬಳ್ಳಿಯಲ್ಲಿ. ದೂರಿಗೂ ಅಲ್ಲಿಗೇ ಅಲೆಯಬೇಕೇ? 1986ರ ಕಾಯ್ದೆಯಲ್ಲಿ ಆ ತೊಡಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಈ ಮೂರೂ ತಾಲ್ಲೂಕಿನವರಿಗೆ ಅದು ಗದಗಿನ ಜಿಲ್ಲಾ ಗ್ರಾಹಕ ಆಯೋಗ. ಬಾಡಿಗೆ ಕಾರನ್ನು ತಾನೇ ಓಡಿಸಿ ಹೊಟ್ಟೆ ಹೊರೆಯುವವನೂ ಗ್ರಾಹಕನೇ. ದೊಡ್ಡ ಟ್ರಾವೆಲ್ಸ್ ಮಾಲೀಕರಿಗೆ ಈ ಮಾತು ಅನ್ವಯಿಸದು. ವಕೀಲರು ಬೇಕೇಬೇಕೆಂದಿಲ್ಲ. ಗಡುವು ಮಾತ್ರ 2 ವರ್ಷ.